ಆಂಬ್ಯುಲೆನ್ಸ್ ಹತ್ತುವ ಮೊದಲು ರಶೀದಿ ತೋರಿಸಬೇಕಾ?

ನಮ್ಮೂರಿನ ಕ್ಲಬ್ಬಿಗೆ ಒಂದು ಆಂಬ್ಯುಲೆನ್ಸ್ ಉಂಟು. ಊರವರ ದುಡ್ಡು, ಗಲ್ಫಿನಲ್ಲಿರುವ ನಮ್ಮ ಹುಡುಗರು ಕಳಿಸಿದ ದುಡ್ಡು, ಒಂದು ಯಕ್ಷಗಾನ ಆಟದಲ್ಲಿ ಉಳಿದದ್ದು, ಎಲ್ಲ ಸೇರಿಸಿ ತಗೊಂಡ ಗಾಡಿ. ಕಳೆದ ಸಭೆಯಲ್ಲಿ ಒಂದು ಪ್ರಸ್ತಾಪ ಬಂತು. ಮನೆಗೆ ವರ್ಷಕ್ಕೆ 500 ರೂಪಾಯಿ ಚಂದಾ. ಕಡ್ಡಾಯ ಅಲ್ಲ, ಬೇಕಾದವರು ಕಟ್ಟಿದರೆ ಸಾಕು. ಕಟ್ಟಿದವರಿಗೆ ಗಾಡಿ ಕೂಡಲೇ, ಡೀಸೆಲ್ ಖರ್ಚು ಮಾತ್ರ. ಕಟ್ಟದವರಿಗೆ ಗಾಡಿ ಖಾಲಿ ಇದ್ದರೆ, ಅದೂ ಮುಂಗಡ ಕೊಟ್ಟ ಮೇಲೆ. ಡ್ರೈವರನ ಮೊಬೈಲಿನಲ್ಲಿ ಚಂದಾ ಕಟ್ಟಿದ ಮನೆಗಳ ಪಟ್ಟಿ ಇರ್ತದೆ, ಫೋನ್ ಬಂದ ಕೂಡಲೇ ನೋಡಿಕೊಳ್ಳುವುದು.

ಪ್ರಸ್ತಾಪ ತಂದವರು ಕೆಟ್ಟವರಲ್ಲ. ಹೇಳಬೇಕೆಂದರೆ ಈ ಗಾಡಿಗಾಗಿ ಅತಿ ಹೆಚ್ಚು ಓಡಾಡಿದವರು ಅವರೇ. ಇನ್ಶೂರೆನ್ಸ್ ಕಟ್ಟುವ ತಿಂಗಳು ಬಂದಾಗ ಕೈಯಿಂದ ಹಾಕಿ ಆಮೇಲೆ ಕೇಳಲು ನಾಚಿಕೊಳ್ಳುವ ಜನ. ಆದರೂ ನಾನು ಆ ದಿನ ವಿರೋಧಿಸಿದೆ. ಸಭೆಯಲ್ಲಿ ಸರಿಯಾಗಿ ಮಾತಾಡಲು ಆಗಲಿಲ್ಲ, ಗಲಾಟೆ ಆಯ್ತು. ಹೇಳಬೇಕೆಂದಿದ್ದದ್ದನ್ನು ಇಲ್ಲಿ ಬರೀತಾ ಇದ್ದೇನೆ.

ಮೊದಲು ದೂರದ ಒಂದು ಕಥೆ. ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ ಒಬಿಯನ್ ಅಂತ ಒಂದು ಕೌಂಟಿ ಉಂಟು, ನಮ್ಮ ಲೆಕ್ಕದಲ್ಲಿ ತಾಲೂಕೋ ಜಿಲ್ಲೆಯೋ ಅಂದುಕೊಳ್ಳಿ. ಆ ಕೌಂಟಿಗೆ ಅದರದ್ದೇ ಅಗ್ನಿಶಾಮಕ ದಳ ಇರಲಿಲ್ಲ. ಪಕ್ಕದ ಸೌತ್ ಫುಲ್ಟನ್ ಎಂಬ ಸಣ್ಣ ಪಟ್ಟಣದ ದಳವೇ ಸುತ್ತಲಿನ ಹಳ್ಳಿಗಳಿಗೂ ಬರ್ತಿತ್ತು, ಆದರೆ ವರ್ಷಕ್ಕೆ 75 ಡಾಲರ್ ಕಟ್ಟಿದ ಮನೆಗಳಿಗೆ ಮಾತ್ರ. ಕಟ್ಟುವುದು ಬಿಡುವುದು ಅವರವರ ಇಷ್ಟ. 2010ರ ಸೆಪ್ಟೆಂಬರ್ ಕೊನೆಗೆ ಅಲ್ಲಿ ಒಂದು ಮನೆಯ ಅಂಗಳದಲ್ಲಿ ಕಸಕ್ಕೆ ಹಚ್ಚಿದ ಬೆಂಕಿ ಕೈಮೀರಿ ಹೋಯಿತು. ಮನೆಯವರು ಫೋನ್ ಮಾಡಿದರು. ಪಟ್ಟಿಯಲ್ಲಿ ಹೆಸರಿಲ್ಲ ಎಂಬ ಉತ್ತರ ಬಂತು. ಮನೆಯ ಯಜಮಾನ, ಎಷ್ಟು ಖರ್ಚಾಗ್ತದೋ ಅಷ್ಟೂ ಕೊಡ್ತೇನೆ ಬನ್ನಿ ಅಂದ. ಬರಲಿಲ್ಲ.

ಆಮೇಲೆ ಬೆಂಕಿ ಪಕ್ಕದ ಹೊಲಕ್ಕೆ ಹಬ್ಬಿತು. ಆ ಹೊಲದವರು ದುಡ್ಡು ಕಟ್ಟಿದ್ದರು. ಅವರು ಫೋನ್ ಮಾಡಿದಾಗ ಗಾಡಿ ಬಂತು. ಬಂದವರು ಹೊಲದ ಬೆಂಕಿ ಆರಿಸಿದರು, ಈ ಕಡೆ ಉರಿಯುತ್ತಿದ್ದ ಮನೆಯನ್ನು ಮುಟ್ಟಲಿಲ್ಲ. ನೀರಿತ್ತು, ಪೈಪ್ ಇತ್ತು, ಜನ ಇದ್ದರು. ಮನೆ ಪೂರ್ತಿ ಬೂದಿಯಾಯಿತು. ಒಳಗಿದ್ದ ಮೂರು ನಾಯಿ, ಒಂದು ಬೆಕ್ಕು ಸತ್ತವು. ಆ ಯಜಮಾನನ ಮಗ ಸಿಟ್ಟಿನಲ್ಲಿ ಅಗ್ನಿಶಾಮಕ ಠಾಣೆಗೆ ಹೋಗಿ ಮುಖ್ಯಸ್ಥನ ಮೇಲೆ ಕೈಮಾಡಿ ಪೊಲೀಸ್ ಕೇಸೂ ಆಯ್ತು. ಮಾರನೇ ವರ್ಷ ಡಿಸೆಂಬರಿನಲ್ಲಿ ಅದೇ ಪ್ರದೇಶದಲ್ಲಿ ಇನ್ನೊಂದು ಮನೆ ಅದೇ ಕಾರಣಕ್ಕೆ ಅವರ ಕಣ್ಣೆದುರೇ ಉರಿದುಹೋಯ್ತು. 2012ರಲ್ಲಿ ಪಟ್ಟಣದವರು ನಿಯಮ ಬದಲಿಸಿದರು: ಚಂದಾ ಕಟ್ಟದವರ ಮನೆಗೂ ಬರ್ತೇವೆ, ಆಮೇಲೆ 3,500 ಡಾಲರ್ ಬಿಲ್ ಕಳಿಸ್ತೇವೆ ಅಂತ.

ನೋಡಿ, ಆ ಪಟ್ಟಣದವರ ವಾದವೂ ನಮ್ಮ ಕ್ಲಬ್ಬಿನ ಖಜಾಂಚಿಯವರ ವಾದವೂ ಒಂದೇ. ಬೆಂಕಿ ಬಿದ್ದ ಮೇಲೆ ದುಡ್ಡು ಕೊಟ್ಟರೆ ಸಾಕು ಅಂತಾದರೆ ಮೊದಲೇ ಯಾರು ಕಟ್ತಾರೆ? ಯಾರೂ ಕಟ್ಟದಿದ್ದರೆ ಗಾಡಿ ಎಲ್ಲಿಂದ? ಈ ವಾದವನ್ನು ಸುಲಭವಾಗಿ ತಳ್ಳಿಹಾಕುವ ಹಾಗಿಲ್ಲ. ಗಾಡಿ ಓಡಿದರೂ ನಿಂತರೂ ಡ್ರೈವರನಿಗೆ ಸಂಬಳ ಕೊಡಬೇಕು. ಇನ್ಶೂರೆನ್ಸ್, ಟೈರು, ಆಕ್ಸಿಜನ್ ಸಿಲಿಂಡರು ಇವು ಯಾವುದೂ ರೋಗಿ ಬಂದ ದಿನ ಮಾತ್ರ ಬೇಕಾಗುವ ಖರ್ಚಲ್ಲ. ರೋಗಿ ಇಲ್ಲದ 25 ದಿನದ ಖರ್ಚು ಕೊಡುವವರು ಬೇಕು.

ಆದರೆ ಆ ಹೊಲದ ಬೇಲಿಯ ಹತ್ತಿರ ನಿಂತ ಅಗ್ನಿಶಾಮಕ ಸಿಬ್ಬಂದಿಯನ್ನು ಯೋಚಿಸಿ. ಅವರು ದುಷ್ಟರಾ? ಅಲ್ಲ. ಅವರ ಕೈಗೆ ಒಂದು ಪಟ್ಟಿ ಕೊಟ್ಟು ಹೀಗೇ ಮಾಡು ಅಂದಿದ್ದರು. ನಾವು ನಮ್ಮ ಡ್ರೈವರನಿಗೂ ಅದೇ ಕೊಡಲು ಹೊರಟಿದ್ದೇವೆ. ಅವನು ಇದೇ ಊರಿನ ಹುಡುಗ. ರಾತ್ರಿ ಎರಡು ಗಂಟೆಗೆ ಫೋನ್ ಬರ್ತದೆ, ಎದೆನೋವು ಅಂತಾರೆ. ಅವನು ಕೀ ತಗೊಳ್ಳಬೇಕಾ, ಪಟ್ಟಿ ನೋಡಬೇಕಾ? ಹೆಸರಿಲ್ಲ ಅಂತ ಹೇಳಿ ಮಲಗಿದರೆ ಮಾರನೇ ದಿನ ಆ ಮನೆಯ ಮುಂದೆ ಹೇಗೆ ನಡೆದುಹೋಗ್ತಾನೆ? ಸಭೆಯಲ್ಲಿ ಕೂತು ನಿಯಮ ಮಾಡುವವರು ನಾವು, ರಾತ್ರಿ ಅದನ್ನು ಬಾಯಿಬಿಟ್ಟು ಹೇಳಬೇಕಾದವನು ಅವನು.

ಇನ್ನೊಂದು ವಿಷಯ. ಬೆಂಕಿ, ಹೃದಯಾಘಾತ, ಹಾವು ಕಡಿತ ಇವೆಲ್ಲ ಚಂದಾದ ಪಟ್ಟಿ ನೋಡಿ ಬರುವುದಿಲ್ಲ. ಅಲ್ಲಿ ಹೊಲಕ್ಕೆ ಹಬ್ಬಿದ ಬೆಂಕಿ ಶುರುವಾದದ್ದು ದುಡ್ಡು ಕಟ್ಟದ ಮನೆಯಿಂದ. ಮೊದಲ ಫೋನಿಗೇ ಗಾಡಿ ಹೋಗಿದ್ದರೆ ದುಡ್ಡು ಕಟ್ಟಿದವನ ಹೊಲಕ್ಕೆ ಬೆಂಕಿ ಮುಟ್ಟದೆಯೂ ಇರಬಹುದಿತ್ತು. ಲಂಡನ್ನಿನವರು ಇದನ್ನು ತುಂಬಾ ಮೊದಲೇ ಕಲಿತವರು. 1666ರ ಮಹಾ ಅಗ್ನಿ ದುರಂತದ ನಂತರ ಅಲ್ಲಿ ಬೆಂಕಿ ವಿಮೆ ಕಂಪನಿಗಳು ಹುಟ್ಟಿಕೊಂಡವು. ಪ್ರತಿ ಕಂಪನಿಗೂ ಅದರದ್ದೇ ಬೆಂಕಿ ಆರಿಸುವ ತಂಡ, ವಿಮೆ ಮಾಡಿಸಿದ ಮನೆಯ ಗೋಡೆಗೆ ಲೋಹದ ಬಿಲ್ಲೆ. ಬಿಲ್ಲೆ ಇಲ್ಲದ ಮನೆಯನ್ನು ಉರಿಯಲು ಬಿಟ್ಟು ಹೋಗ್ತಿದ್ದರು ಅಂತ ಒಂದು ಜನಪ್ರಿಯ ಕಥೆ ಉಂಟು, ಆದರೆ ಇತಿಹಾಸಕಾರರು ಅದನ್ನು ಅಷ್ಟಾಗಿ ಒಪ್ಪುವುದಿಲ್ಲ. ಒತ್ತೊತ್ತಾಗಿ ಮನೆಗಳಿರುವ ಊರಿನಲ್ಲಿ ಬಿಲ್ಲೆ ನೋಡ್ತಾ ಕೂತರೆ ಬಿಲ್ಲೆ ಇದ್ದ ಮನೆಯೂ ಉಳಿಯುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. 1833ರಲ್ಲಿ ಕಂಪನಿಗಳು ತಂಡಗಳನ್ನು ಒಂದು ಮಾಡಿದವು. 1861ರಲ್ಲಿ ಥೇಮ್ಸ್ ದಡದ ಟೂಲಿ ಸ್ಟ್ರೀಟಿನ ಗೋದಾಮುಗಳಿಗೆ ಬೆಂಕಿ ಬಿದ್ದು, ಆ ದಳದ ಮುಖ್ಯಸ್ಥ ಜೇಮ್ಸ್ ಬ್ರೇಡ್‌ವುಡ್ ಗೋಡೆ ಕುಸಿದು ಸತ್ತರು. ಆಮೇಲೆ ವಿಮಾ ಕಂಪನಿಗಳು ಸರಕಾರಕ್ಕೆ ಹೇಳಿದ್ದು ಇಷ್ಟೇ: ಇದು ನಮ್ಮಿಂದ ಆಗುವ ಕೆಲಸ ಅಲ್ಲ. 1865ರಲ್ಲಿ ಕಾನೂನು ಬಂತು, ಮಾರನೇ ವರ್ಷದಿಂದ ಲಂಡನ್ನಿಗೆ ಸಾರ್ವಜನಿಕ ಅಗ್ನಿಶಾಮಕ ದಳ.

ನಮ್ಮಲ್ಲಿ ಬೆಂಕಿ ಬಿದ್ದು 101ಕ್ಕೆ ಫೋನ್ ಮಾಡಿದರೆ ಯಾರೂ ಚಂದಾ ಕೇಳುವುದಿಲ್ಲ. ಗುಡ್ಡೆಗೆ ಬೆಂಕಿ ಬಿದ್ದರೂ ಬರ್ತಾರೆ, ಬಾವಿಗೆ ಬಿದ್ದ ದನ ಎತ್ತಲೂ ಬರ್ತಾರೆ. ನಮಗೆ ಅದು ಸಹಜ ಅನ್ನಿಸ್ತದೆ. ಮತ್ತೆ ಆಂಬ್ಯುಲೆನ್ಸ್ ಮಾತ್ರ ಯಾಕೆ ಚಂದಾದ ವಿಷಯ ಆಯ್ತು?

ಇಲ್ಲಿ ಗಡಿಯ ಮಾತು ಬರ್ತದೆ. 108 ಆಂಬ್ಯುಲೆನ್ಸ್ ಮೊದಲು ಶುರುವಾದದ್ದು ಅವಿಭಜಿತ ಆಂಧ್ರದಲ್ಲಿ, 2005ರಲ್ಲಿ. ಕರ್ನಾಟಕಕ್ಕೂ ತಮಿಳುನಾಡಿಗೂ 2008ರಲ್ಲಿ ಬಂತು. ಮಹಾರಾಷ್ಟ್ರಕ್ಕೆ 2014ರಲ್ಲಿ. ಕೇರಳದಲ್ಲಿ ರಾಜ್ಯವಿಡೀ 'ಕನಿವ್ 108' ಅಂತ 315 ಗಾಡಿಗಳೊಂದಿಗೆ ಶುರುವಾದದ್ದು 2019ರಲ್ಲಿ. ನಂಬರ್ ಎಲ್ಲ ಕಡೆ ಒಂದೇ, ಆದರೆ ವ್ಯವಸ್ಥೆ ಆಯಾ ರಾಜ್ಯದ್ದು. ಮಂಜೇಶ್ವರದವನಿಗೆ ಎದೆನೋವು ಬಂದರೆ ಅವನ ಕಣ್ಣು ಹೋಗುವುದು ಉತ್ತರಕ್ಕೆ, ಮಂಗಳೂರಿಗೆ. ಅಲ್ಲಿಗೆ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಅವನ ರಾಜ್ಯ ಇರುವುದು ದಕ್ಷಿಣಕ್ಕೆ. ಈ ಎಡೆಯಲ್ಲಿ ಹುಟ್ಟಿಕೊಂಡದ್ದೇ ನಮ್ಮ ಕ್ಲಬ್ಬಿನ, ಮಸೀದಿಯ, ದೇವಸ್ಥಾನದ, ಪಕ್ಷದ, ಟ್ರಸ್ಟಿನ ಆಂಬ್ಯುಲೆನ್ಸುಗಳು. ಸರಕಾರ ಮಾಡಬೇಕಾದ್ದನ್ನು ಊರು ಮಾಡ್ತಾ ಬಂದಿದೆ. ಅದಕ್ಕೆ ಊರಿಗೆ ಕೈಮುಗೀಬೇಕು, ಜೊತೆಗೆ ಸರಕಾರವನ್ನು ಕೇಳಲೂ ಬೇಕು. ಎರಡನೆಯದನ್ನು ನಾವು ಬಿಟ್ಟೇಬಿಟ್ಟಿದ್ದೇವೆ.

2020ರ ಮಾರ್ಚ್ ನೆನಪುಂಟಲ್ಲ? ಲಾಕ್‌ಡೌನ್ ಅಂತ ಗಡಿಯ ರಸ್ತೆಗಳಿಗೆ ಕರ್ನಾಟಕದ ಕಡೆಯಿಂದ ಮಣ್ಣು ಸುರಿದರು. ತಲಪಾಡಿಯಲ್ಲಿ ಆಂಬ್ಯುಲೆನ್ಸುಗಳು ವಾಪಸು ಬಂದವು. ಮಂಗಳೂರಿನ ಚಿಕಿತ್ಸೆಯನ್ನೇ ನಂಬಿದ್ದ ಹಲವರು ಆ ದಿನಗಳಲ್ಲಿ ತೀರಿಕೊಂಡರು. ಕೇರಳ ಹೈಕೋರ್ಟು ಏಪ್ರಿಲ್ 1ರಂದು ದಾರಿ ತೆರೆಸಬೇಕು ಅಂದಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯ್ತು, ಕೊನೆಗೆ ರೋಗಿಗಳನ್ನು ಬಿಡಲು ಒಂದು ಕ್ರಮ ಅಂತ ಆಯ್ತು. ಆಗ ನಮ್ಮ ಸಿಟ್ಟು ಏನಾಗಿತ್ತು? ಸಾಯುವವನ ಹತ್ತಿರ ಯಾವ ರಾಜ್ಯ ಅಂತ ಕೇಳ್ತೀರಲ್ಲ ಅಂತ. ನಾನೂ ಇದೇ ಪುಟದಲ್ಲಿ ಸಾಲುಸಾಲು ಬರೆದಿದ್ದೆ. ಆ ದಿನ ಅವರ ಕೈಯಲ್ಲೂ ಒಂದು ಪಟ್ಟಿ ಇತ್ತು. ಈಗ ನಾವೇ ಕೂತು ಇನ್ನೊಂದು ಪಟ್ಟಿ ಮಾಡ್ತಾ ಇದ್ದೇವೆ. ಅವನು ಯಾವ ರಾಜ್ಯದವನು ಅಂತ ಕೇಳುವುದಿಲ್ಲ, ಯಾವ ವರ್ಷದ ರಶೀದಿ ಅಂತ ಕೇಳ್ತೇವೆ.

ಸುಪ್ರೀಂ ಕೋರ್ಟು 1996ರಲ್ಲೇ ಪಶ್ಚಿಮ ಬಂಗಾಳದ ಒಂದು ಕೇಸಿನಲ್ಲಿ ಇದನ್ನು ಹೇಳಿ ಆಗಿದೆ. ಅಲ್ಲಿ ರೈಲಿನಿಂದ ಬಿದ್ದು ತಲೆಗೆ ಏಟಾದ ಒಬ್ಬನನ್ನು ಸರಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಹಿಂದೆ ಕಳಿಸಿದ್ದವು. ತುರ್ತು ಚಿಕಿತ್ಸೆ ಸಿಗಬೇಕಾದ್ದು ಸಂವಿಧಾನದ 21ನೇ ವಿಧಿಯ ಜೀವದ ಹಕ್ಕಿನ ಭಾಗ, ದುಡ್ಡಿಲ್ಲ ಅಂತ ಸರಕಾರ ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದಿತು ಕೋರ್ಟು. ಅದು ಸರಕಾರಕ್ಕೆ ಹೇಳಿದ್ದು, ನಮ್ಮ ಕ್ಲಬ್ಬಿಗಲ್ಲ, ಸರಿ. ಆದರೆ ಸರಕಾರದ ಬಾಕಿಯನ್ನು ಕ್ಲಬ್ಬು ತಲೆಮೇಲೆ ಹೊತ್ತು, ಆಮೇಲೆ ಆ ಬಾಕಿಯನ್ನು ಬಡವನ ಹತ್ತಿರ ವಸೂಲು ಮಾಡಿದ ಹಾಗಾಗ್ತದೆ ಇದು.

ಯಾಕೆಂದರೆ ಕಟ್ಟದೆ ಉಳಿಯುವವರು ಯಾರು ಅಂತ ನೋಡಿ. ಖಜಾಂಚಿಯವರ ಕಣ್ಣಲ್ಲಿ ಇರುವುದು ಎರಡು ಮಾಳಿಗೆ ಕಟ್ಟಿಸಿ 500 ಕೊಡಲು ಗೊಣಗುವ ಮನೆ. ಅಂಥವರು ಇದ್ದಾರೆ, ಹೆಸರು ಹೇಳುವುದಿಲ್ಲ, ನಿಮಗೂ ಗೊತ್ತುಂಟು! ಅವರಿಗೆ ಏನು ಮಾಡುವುದು ಅಂತ ನನಗೂ ಗೊತ್ತಿಲ್ಲ. ಆದರೆ ಅವರ ಅಂಗಳದಲ್ಲಿ ಕಾರು ಉಂಟು, ಗಾಡಿ ಸಿಗದಿದ್ದರೂ ಹೋಗ್ತಾರೆ. ಪಟ್ಟಿಯಿಂದ ನಿಜವಾಗಿ ಬಿಟ್ಟುಹೋಗುವವರು ಬೀಡಿ ಕಟ್ಟುವ ಒಂಟಿ ಹೆಂಗಸು, ಬಾಡಿಗೆ ಕೋಣೆಯಲ್ಲಿ ಇರುವ ಬಿಹಾರದ ಕೆಲಸದವರು, ಮಕ್ಕಳು ಬೆಂಗಳೂರಿನಲ್ಲಿದ್ದು ಮರೆವಿನ ಕಾಯಿಲೆ ಇರುವ ಅಜ್ಜ. ಟೆನೆಸ್ಸಿಯ ಆ ಮನೆಯವರು ಕೂಡ ಹೇಳಿದ್ದು ಮರೆತುಹೋಯ್ತು ಅಂತಲೇ. ಐಚ್ಛಿಕ ಅಂದರೆ ಎಲ್ಲರೂ ಯೋಚಿಸಿ ಬೇಡ ಅಂದವರು ಅಂತ ಅರ್ಥ ಅಲ್ಲ.

ಹಾಗಾದರೆ ಗಾಡಿ ಹೇಗೆ ಓಡಿಸುವುದು ಅಂತ ಕೇಳ್ತೀರಿ. ಚಂದಾ ಎತ್ತುವುದಕ್ಕೆ ನನ್ನ ವಿರೋಧ ಇಲ್ಲ. ಕೇರಳದ ಪಾಲಿಯೇಟಿವ್ ಆರೈಕೆ ನೋಡಿ, ಊರಿನ ಸಣ್ಣಸಣ್ಣ ದೇಣಿಗೆಯಲ್ಲಿ, ಸ್ವಯಂಸೇವಕರ ದುಡಿಮೆಯಲ್ಲಿ ಬೆಳೆದದ್ದು ಅದು. ಹಾಸಿಗೆ ಹಿಡಿದವನ ಮನೆಗೆ ನರ್ಸು ಹೋಗುವಾಗ, ನೀನು ಡಬ್ಬಿಗೆ ಎಷ್ಟು ಹಾಕಿದ್ದಿ ಅಂತ ಕೇಳುವುದಿಲ್ಲ. ಕೊಡಬಲ್ಲವನು ಕೊಡ್ತಾನೆ, ಬೇಕಾದವನಿಗೆ ಸಿಗ್ತದೆ. ಆಮೇಲೆ ಪಂಚಾಯತುಗಳೂ ಅದನ್ನು ಕೈಗೆತ್ತಿಕೊಂಡವು, ಯೋಜನೆಯ ಹಣ ಇಟ್ಟವು. ನಮ್ಮ ಗಾಡಿಗೂ ಅದೇ ದಾರಿ ಯಾಕಾಗಬಾರದು? 1996ರ ಜನಕೀಯ ಯೋಜನೆಯಿಂದ ಕೇರಳದ ಪಂಚಾಯತುಗಳ ಕೈಗೆ ಬರುವಷ್ಟು ಯೋಜನಾ ಹಣ ಬೇರೆ ಹೆಚ್ಚಿನ ರಾಜ್ಯಗಳಲ್ಲಿ ಇಲ್ಲ. ಗ್ರಾಮಸಭೆಗೆ ನಾವು ಹೋಗುವುದು ಬಿಪಿಎಲ್ ಕಾರ್ಡಿನ ಜಗಳಕ್ಕೆ ಮಾತ್ರ. ಡ್ರೈವರನ ಸಂಬಳ ಪಂಚಾಯತಿನ ಬಾಬ್ತಿಗೆ ಹಾಕಿ ಅಂತ ಒಂದು ಅರ್ಜಿ ಕೊಟ್ಟದ್ದುಂಟಾ? ಕನ್ನಡದಲ್ಲೇ ಕೊಡಬಹುದು ಮಾರಾಯ್ರೇ, 1969ರ ರಾಜ್ಯಭಾಷಾ ಕಾನೂನಿನಲ್ಲಿ ನಮಗೆ ಆ ಹಕ್ಕು ಉಂಟು.

ಮನೆ ತೆರಿಗೆ ನಾವು ವರ್ಷಾ ವರ್ಷಾ ಕಟ್ತೇವೆ. ಬಡವನೂ ಬೆಂಕಿಪೆಟ್ಟಿಗೆ ಕೊಳ್ಳುವಾಗ ತೆರಿಗೆ ಕಟ್ತಾನೆ. ತುರ್ತು ಗಾಡಿಯ ಚಂದಾ ಅದರಲ್ಲೇ ಸೇರಿರಬೇಕಿತ್ತು.

ಒಬ್ಬರು ಸಭೆಯಲ್ಲಿ ಮಧ್ಯದ ದಾರಿ ಹೇಳಿದರು: ಗಾಡಿ ಎಲ್ಲರಿಗೂ ಹೋಗಲಿ, ಕಟ್ಟದವರಿಗೆ ಆಮೇಲೆ ದೊಡ್ಡ ಬಿಲ್ ಕೊಡೋಣ. ಸೌತ್ ಫುಲ್ಟನ್ನಿನವರು ಕೊನೆಗೆ ಮಾಡಿದ್ದೂ ಅದೇ. ಮನೆ ಉರಿಯಲು ಬಿಡುವುದಕ್ಕಿಂತ ಅದು ಸಾವಿರ ಪಾಲು ಮೇಲು, ಒಪ್ಪುತ್ತೇನೆ. ಆದರೆ ದೊಡ್ಡ ಬಿಲ್ ಬರ್ತದೆ ಅಂತ ಗೊತ್ತಿರುವ ಮನೆಯವರು ಏನು ಮಾಡ್ತಾರೆ? ಬೆಳಗ್ಗಿನವರೆಗೆ ನೋಡುವಾ, ಗ್ಯಾಸ್ ಆಗಿರಬಹುದು ಅಂತಾರೆ. ನಮ್ಮ ಕಡೆ ಗ್ಯಾಸ್ ಅಂತ ಹೇಳಿ ಎಷ್ಟು ಜನ ಹೋಗಿದ್ದಾರೆ ಅಂತ ನಿಮ್ಮನಿಮ್ಮ ಮನೆಯಲ್ಲೇ ಕೇಳಿ ನೋಡಿ. ಖರ್ಚಿನಷ್ಟು ತಗೊಳ್ಳಿ, ಅದೂ ಕೊಡುವ ಶಕ್ತಿ ಇದ್ದವರಿಂದ, ರೋಗಿ ಮನೆಗೆ ಬಂದ ಮೇಲೆ. ದಂಡದ ಹಾಗೆ ಬೇಡ.

ಮುಂದಿನ ಸಭೆ ಈ ಆದಿತ್ಯವಾರ. ನಾನು ಎರಡು ಠರಾವು ಬರೆದು ಇಟ್ಟಿದ್ದೇನೆ. ಒಂದು, ಚಂದಾದ ಪಟ್ಟಿ ಖಜಾಂಚಿಯವರ ಪುಸ್ತಕದಲ್ಲಿ ಇರಲಿ, ಡ್ರೈವರನ ಮೊಬೈಲಿನಲ್ಲಿ ಬೇಡ. ಎರಡು, ಮುಂದಿನ ಗ್ರಾಮಸಭೆಗೆ ಕನಿಷ್ಠ ಐವತ್ತು ಜನ ಹೋಗಿ ಡ್ರೈವರನ ಸಂಬಳವನ್ನು ಪಂಚಾಯತ್ ವಹಿಸಿಕೊಳ್ಳಲಿ ಅಂತ ಲಿಖಿತವಾಗಿ ಕೇಳುವುದು. ತಾಳವಾಡಿ, ಅಕ್ಕಲಕೋಟೆ, ಜತ್ತ, ಮಡಕಶಿರ ಕಡೆಯ ಗೆಳೆಯರೇ, ನಿಮ್ಮಲ್ಲಿ ರಾತ್ರಿ ಹೊತ್ತು ಗಡಿ ದಾಟಬೇಕಾದ ರೋಗಿಗೆ ಗಾಡಿ ಯಾರು ಕಳಿಸ್ತಾರೆ, ಅದರ ಖರ್ಚು ಯಾರು ಹಾಕ್ತಾರೆ? ಶನಿವಾರದೊಳಗೆ ಬರೆಯಿರಿ, ಸಭೆಯಲ್ಲಿ ಓದಿ ಹೇಳ್ತೇನೆ.