ಬಾಯಿ ಕಟ್ಟಿದರೆ ಸಾಕೇ?

“ಬಾಯಿ ಕಟ್ರಿ, ತೂಕ ತಾನಾ ಇಳೀತದ.” ರಾಯಚೂರು ಸೀಮೆಯಲ್ಲಿ ದಪ್ಪಗಿರುವವರಿಗೆ ಮನೆಯಲ್ಲೂ ಮದುವೆ ಪಂಕ್ತಿಯಲ್ಲೂ ದವಾಖಾನೆಯಲ್ಲೂ ಸಿಗುವ ಉಪದೇಶವಿದು. ದಪ್ಪಗಿರುವವರೆಲ್ಲ ಹೊಟ್ಟೆಬಾಕರು, ಮನಸ್ಸು ಗಟ್ಟಿಯಿಲ್ಲದವರು ಎಂದು ಇದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ.

ಹಿಂದುಳಿದ ಜಿಲ್ಲೆಯಲ್ಲಿ ಬೊಜ್ಜಿನ ಮಾತೇಕೆ ಎನ್ನುವವರಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 30 ಮಂದಿ ಹೆಚ್ಚು ತೂಕದವರು. ಅಪೌಷ್ಟಿಕತೆ, ಬೊಜ್ಜು ಎರಡೂ ಒಂದೇ ಓಣಿಯಲ್ಲಿರಬಲ್ಲವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಮಾನ್ವಿಯಲ್ಲಿ ಜೋಳದ ರೊಟ್ಟಿಯ ಪಕ್ಕಕ್ಕೆ ಅನ್ನ ಬಂದು ಕೂತದ್ದು ಯಾರೊಬ್ಬರ ಬಾಯಿಚಪಲವೂ ಅಲ್ಲ.

ಅರಿವು-ನಡವಳಿಕೆ ಚಿಕಿತ್ಸೆ ಬೈಯುವುದಿಲ್ಲ, ಪ್ರಶ್ನೆ ಕೇಳುತ್ತದೆ. ಯಾವ ಹೊತ್ತಿಗೆ ತಿಂದಿರಿ? ಆಗ ಹಸಿವಿತ್ತೋ, ದಣಿವೋ, ಜಗಳವಾಗಿತ್ತೋ? ತಿಂದದ್ದನ್ನು ಬರೆದಿಡುವುದು, “ಒಂದು ಮಿರ್ಚಿ ತಿಂದೆ, ಇನ್ನು ಎಲ್ಲಾ ಕೆಟ್ಟಿತು” ಎಂಬ ಯೋಚನೆಯನ್ನು ತಡೆದು ನೋಡುವುದು ಅದರ ಪಾಠಗಳು. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ಇಂಥದ್ದೇ 16 ಪಾಠ ಹೇಳಿಕೊಟ್ಟರು. ಗುರಿ ಇದ್ದದ್ದು ಶೇ. 7ರಷ್ಟು ತೂಕ ಇಳಿಕೆ, ವಾರಕ್ಕೆ 150 ನಿಮಿಷ ನಡಿಗೆ, ಅಷ್ಟೇ. ಕಾಯಿಲೆಗೆ ಬೀಳುವ ಪ್ರಮಾಣ ಶೇ. 58ರಷ್ಟು ತಗ್ಗಿತು, ಮೆಟ್‌ಫಾರ್ಮಿನ್ ಮಾತ್ರೆಯಿಂದ ತಗ್ಗಿದ್ದು ಶೇ. 31.

ಇದು ಪವಾಡವಲ್ಲ. ತೂಕ ಇಳಿದಾಗ ದೇಹ ಹಸಿವನ್ನು ಹೆಚ್ಚಿಸುತ್ತದೆ, ಖರ್ಚನ್ನು ಕಡಿಮೆ ಮಾಡುತ್ತದೆ. ಭೇಟಿ ನಿಂತರೆ ಇಳಿದ ತೂಕ ಮೆಲ್ಲಗೆ ಮರಳುತ್ತದೆ. ಬಿಪಿ ಮಾತ್ರೆಯನ್ನು ತಿಂಗಳಿಗೇ ನಿಲ್ಲಿಸಿ ರೋಗಿಯನ್ನು ಬೈಯುವುದಿಲ್ಲವಲ್ಲ, ಇಲ್ಲೇಕೆ ಬೈಗುಳ? ಆಸರೆ ವರ್ಷಗಟ್ಟಲೆ ಬೇಕು. ಕೆಲವರಿಗೆ ಔಷಧ, ಶಸ್ತ್ರಚಿಕಿತ್ಸೆಯೂ ಬೇಕಾದೀತು.

“ಅಂಥ ತಜ್ಞರು ಬೆಂಗಳೂರಿನಲ್ಲಷ್ಟೇ ಸಿಗುತ್ತಾರೆ” ಎಂಬ ನೆಪಕ್ಕೆ ಪಕ್ಕದ ಬಳ್ಳಾರಿಯೇ ಉತ್ತರ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯವರೆಗೆ ಒಯ್ದಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಬಿಪಿ, ಸಕ್ಕರೆ ಕಾಯಿಲೆಗಳ ಸರ್ಕಾರಿ ಕ್ಲಿನಿಕ್ಕುಗಳ ಯೋಜನೆಯಲ್ಲಿ ಆಪ್ತಸಮಾಲೋಚಕರ ಹುದ್ದೆಯೂ ಇದೆ. ಆ ಕೆಲಸ ಪಥ್ಯದ ಚೀಟಿ ಕೊಡುವಲ್ಲಿಗೆ ಮುಗಿಯಬಾರದು.

ದೇವದುರ್ಗದ ಹೆಣ್ಣುಮಗಳೊಬ್ಬಳು “ಒತ್ತಡ” ಎನ್ನಲಿಕ್ಕಿಲ್ಲ. “ಜೀವಕ್ಕ ಸಮಾಧಾನ ಇಲ್ರಿ” ಎಂದಾಳು. ಆ ಮಾತು ತಿಳಿಯುವವರು, ತಿಂಗಳಿಗೊಮ್ಮೆಯಾದರೂ ಅರ್ಧ ತಾಸು ಕೂತು ಕೇಳುವವರು ತಾಲೂಕು ಆಸ್ಪತ್ರೆಯಲ್ಲಿರಬೇಕು. ಅಷ್ಟು ಮಾಡದ ವ್ಯವಸ್ಥೆಗೆ ಅವಳ ಮನೋಬಲವನ್ನು ಅಳೆಯುವ ಹಕ್ಕಿಲ್ಲ.