ಗೆದ್ದಲಿಗೆ ಯಾವ ಮದ್ದು? ಸೀಮೆಎಣ್ಣೆ ಸುರಿಯುವ ಮುನ್ನ ತಿಳಿಯಬೇಕಾದ ಸಂಗತಿಗಳು

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ದೀಪದ ಸುತ್ತ ರೆಕ್ಕೆಯ ಹುಳುಗಳು ಮುತ್ತುತ್ತವೆ. ಬೆಳಿಗ್ಗೆ ಎದ್ದು ನೋಡಿದರೆ ನೆಲದ ತುಂಬ ಉದುರಿದ ರೆಕ್ಕೆಗಳು. ಈಸಲು, ಮಳೆಹುಳು ಎಂದೆಲ್ಲ ನಾವು ಕರೆಯುವ ಇವು ಹೊಸ ಸಂಸಾರ ಹೂಡಲು ಹೊರಟ ಗೆದ್ದಲುಗಳೇ. ಅದೇ ಹೊತ್ತಿಗೆ ವಾಟ್ಸ್ಆ್ಯಪ್ ಗುಂಪುಗಳಲ್ಲಿಯೂ ಸಲಹೆಗಳು ಹಾರಾಡತೊಡಗುತ್ತವೆ. ಸೀಮೆಎಣ್ಣೆ ಹಚ್ಚಿ, ಉಪ್ಪುನೀರು ಸುರಿಯಿರಿ, ವಿನೆಗರ್‌ಗೆ ನಿಂಬೆರಸ ಬೆರೆಸಿ ಸಿಂಪಡಿಸಿ, ಗೆದ್ದಲು ಮತ್ತೆ ತಲೆ ಹಾಕುವುದಿಲ್ಲ! ಇನ್ನೊಂದು ಕಡೆ ಹತ್ತು ವರ್ಷದ ಗ್ಯಾರಂಟಿ ಕೊಡುವ ಜಾಹೀರಾತುಗಳು. ಇದರಲ್ಲಿ ಯಾವುದನ್ನು ನಂಬುವುದು?

ಚಿಕ್ಕದಾಗಿ ಹೇಳುವುದಾದರೆ, ಯಾವ ಮದ್ದು ಜೋರು ಎಂಬುದು ಇಲ್ಲಿ ಮೊದಲ ಪ್ರಶ್ನೆಯೇ ಅಲ್ಲ. ನಿಮ್ಮ ಮನೆಯಲ್ಲಿರುವುದು ಯಾವ ಹುಳು, ಅದು ಎಲ್ಲಿಂದ ಬರುತ್ತಿದೆ ಎಂಬುದು ಮೊದಲು ತಿಳಿಯಬೇಕು. ವಿಧಾನದ ಆಯ್ಕೆ ಆಮೇಲೆ.

ಕಣ್ಣಿಗೆ ಕಾಣುವುದು ಸ್ವಲ್ಪ ಮಾತ್ರ

ಗೆದ್ದಲನ್ನು ಬಿಳಿ ಇರುವೆ ಎನ್ನುವವರಿದ್ದಾರೆ. ಆದರೆ ಅದು ಇರುವೆಯಲ್ಲ, ಜಿರಳೆಯ ಹತ್ತಿರದ ಸಂಬಂಧಿ. ಜಗತ್ತಿನಲ್ಲಿ ಸುಮಾರು 3000 ಜಾತಿಯ ಗೆದ್ದಲುಗಳಿವೆ. ಅವುಗಳಲ್ಲಿ ಹೆಚ್ಚಿನವು ಕಾಡು, ಹೊಲಗಳಲ್ಲಿ ಬಿದ್ದ ಎಲೆ ಕಟ್ಟಿಗೆಯನ್ನು ಮಣ್ಣಾಗಿಸುವ ಕೆಲಸ ಮಾಡುತ್ತವೆ. ಮನೆಗೆ ತೊಂದರೆ ಕೊಡುವವು ಕೆಲವೇ.

ನಮ್ಮ ಕಡೆ ಮನೆಗಳಿಗೆ ನುಗ್ಗುವ ಗೆದ್ದಲಿನ ಸಂಸಾರ ಸಾಮಾನ್ಯವಾಗಿ ಮಣ್ಣಿನೊಳಗೆ ಇರುತ್ತದೆ. ಅಲ್ಲಿ ರಾಣಿ ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ, ಲಕ್ಷಗಟ್ಟಲೆ ಕೆಲಸಗಾರ ಹುಳುಗಳು ಆಹಾರ ತರುತ್ತವೆ. ಇವುಗಳ ಮೈ ಮೆದು, ಗಾಳಿ ಬಿಸಿಲಿಗೆ ಬೇಗ ಒಣಗಿಹೋಗುತ್ತದೆ. ಅದಕ್ಕೇ ಗೋಡೆಯ ಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೆ ಓಡಾಡುತ್ತವೆ.

ಬಾಗಿಲ ಚೌಕಟ್ಟಿನಲ್ಲಿ ನಾವು ಕಾಣುವುದು ಆಹಾರ ಹುಡುಕಿ ಬಂದ ಒಂದು ತಂಡವನ್ನಷ್ಟೇ. ಅದನ್ನು ಕೊಂದರೆ ಗೂಡಿನಿಂದ ಇನ್ನೊಂದು ತಂಡ ಇನ್ನೊಂದು ದಾರಿಯಲ್ಲಿ ಬರುತ್ತದೆ. ಸೀಮೆಎಣ್ಣೆ ಹಚ್ಚಿದ ವಾರದಲ್ಲಿ ಗೆದ್ದಲು ಹೋಯಿತು ಎನಿಸುವುದು, ಎರಡು ತಿಂಗಳಲ್ಲಿ ಪಕ್ಕದ ಕೋಣೆಯ ವಾರ್ಡ್‌ರೋಬಿನಲ್ಲಿ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ಮೊದಲು ಗುರುತಿಸಿ

ಮರ ತಿನ್ನುವ ಹುಳುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಗುರುತಿಸುವುದು ಕಷ್ಟವಲ್ಲ.

1. ಮಣ್ಣಿನ ಗೆದ್ದಲು: ಗೋಡೆ, ಸ್ಕರ್ಟಿಂಗ್, ಚೌಕಟ್ಟಿನ ಮೇಲೆ ಮಣ್ಣಿನ ಗೆರೆಗಳು ಕಾಣುತ್ತವೆ. ತಿಂದ ಮರದೊಳಗೂ ಮಣ್ಣು ತುಂಬಿರುತ್ತದೆ. ತಟ್ಟಿದರೆ ಪೊಳ್ಳು ಶಬ್ದ.

2. ಒಣಮರದ ಗೆದ್ದಲು: ಇದಕ್ಕೆ ಮಣ್ಣಿನ ಸಂಪರ್ಕವೇ ಬೇಡ. ಕುರ್ಚಿ, ಮಂಚದ ಒಳಗೇ ಇಡೀ ಸಂಸಾರ ಇರುತ್ತದೆ. ಮಣ್ಣಿನ ಕೊಳವೆ ಇರುವುದಿಲ್ಲ. ಬದಲಿಗೆ ಮರದ ಕೆಳಗೆ ಗಸಗಸೆಯಂಥ ಸಣ್ಣ ಗಟ್ಟಿ ಕಾಳುಗಳ ರಾಶಿ ಬೀಳುತ್ತದೆ. ಅದು ಅದರ ಹಿಕ್ಕೆ. ಕರಾವಳಿಯಂಥ ತೇವದ ಹವೆಯಲ್ಲಿ ಇದು ಹೆಚ್ಚು.

3. ಕುಟ್ಟೆ ಹುಳು: ಇದು ಗೆದ್ದಲೇ ಅಲ್ಲ, ಮರ ಕೊರೆಯುವ ದುಂಬಿ. ಮರದ ಮೇಲೆ ಗುಂಡಗಿನ ಸಣ್ಣ ತೂತುಗಳು, ಕೆಳಗೆ ಟಾಲ್ಕಂ ಪೌಡರಿನಂಥ ನಯವಾದ ಹುಡಿ.

ಮೂರಕ್ಕೂ ಒಂದೇ ಚಿಕಿತ್ಸೆ ನಡೆಯುವುದಿಲ್ಲ. ಮಂಚದಲ್ಲಿ ಒಣಮರದ ಗೆದ್ದಲಿದ್ದಾಗ ಮನೆಯ ನೆಲವನ್ನೆಲ್ಲ ಕೊರೆದು ಮದ್ದು ಹಾಕಿಸಿದರೆ ದುಡ್ಡು ದಂಡ. ಮಣ್ಣಿನ ಗೆದ್ದಲಿದ್ದಾಗ ಚೌಕಟ್ಟಿಗೆ ಮಾತ್ರ ಬಣ್ಣ ಬಳಿದಂತೆ ಮದ್ದು ಬಳಿದರೂ ಅಷ್ಟೇ.

ಹುಳು ಇನ್ನೂ ಓಡಾಡುತ್ತಿದೆಯೇ ಎಂದು ತಿಳಿಯಲು ಸುಲಭ ಪರೀಕ್ಷೆಯೊಂದಿದೆ. ಮಣ್ಣಿನ ಕೊಳವೆಯ ನಡುವೆ ಒಂದು ಇಂಚಿನಷ್ಟು ಮಾತ್ರ ಒಡೆದು ಬಿಡಿ. ಎರಡು ಮೂರು ದಿನದಲ್ಲಿ ಹಸಿ ಮಣ್ಣಿನಿಂದ ಅದು ಮತ್ತೆ ಮುಚ್ಚಿಕೊಂಡರೆ ಗೆದ್ದಲು ಇದೆ ಎಂದರ್ಥ. ಮುಚ್ಚದಿದ್ದರೆ ಅದು ಬಿಟ್ಟುಹೋದ ಹಳೆಯ ದಾರಿಯಿರಬಹುದು. ಎಲ್ಲ ಕೊಳವೆಗಳನ್ನೂ ಗುಡಿಸಿ ತೆಗೆದುಬಿಟ್ಟರೆ ದಾರಿ ಹುಡುಕುವುದು ಕಷ್ಟವಾಗುತ್ತದೆ.

ಫಾರ್ವರ್ಡ್ ಸಲಹೆಗಳಲ್ಲಿ ಹುರುಳಿದೆಯೇ?

ಸೀಮೆಎಣ್ಣೆ, ಪೆಟ್ರೋಲ್, ಹಳೆ ಎಂಜಿನ್ ಆಯಿಲ್: ತಾಗಿದ ಹುಳು ಸಾಯುತ್ತದೆ, ಗೂಡಿಗೆ ಏನೂ ಆಗುವುದಿಲ್ಲ. ಸ್ವಿಚ್ ಬೋರ್ಡ್, ಅಡುಗೆಮನೆಯ ಹತ್ತಿರ ಬೆಂಕಿಯ ಅಪಾಯವಂತೂ ಖಂಡಿತ. ಮಾಡಬೇಡಿ.

ಉಪ್ಪುನೀರು, ವಿನೆಗರ್, ನಿಂಬೆರಸ, ಅರಿಸಿನ: ಮೇಲಿನ ನಾಲ್ಕು ಹುಳುಗಳಿಗೆ ತೊಂದರೆಯಾಗಬಹುದು, ಅಷ್ಟೇ. ಮರಕ್ಕೆ ನೀರು ಕುಡಿಸಿದರೆ ಗೆದ್ದಲಿಗೆ ಬೇಕಾದ ತೇವವನ್ನು ನಾವೇ ಒದಗಿಸಿದಂತೆ.

ಬೇವಿನ ಎಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ: ಇವುಗಳಲ್ಲಿ ಸ್ವಲ್ಪ ಸತ್ಯವಿದೆ. ಬೇವಿನ ಅಂಶಗಳು ಹುಳು ತಿನ್ನದಂತೆ ತಡೆಯುತ್ತವೆ, ಆದರೆ ಬೆಳಕಿಗೆ ಬೇಗ ಕೆಡುತ್ತವೆ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಮರ ಕಾಯಲು ಹಿಂದಿನಿಂದಲೂ ಬಳಸಿದ್ದಾರೆ. ಇದು ಚರ್ಮ ಸುಡುತ್ತದೆ, ಜೋಕೆ. ಹಚ್ಚಿದ ಮರಕ್ಕೆ ಇವು ಸ್ವಲ್ಪ ಕಾಲ ರಕ್ಷಣೆ ಕೊಡಬಹುದು. ಗೋಡೆಯೊಳಗಿನ ದಾರಿ ಮುಚ್ಚಲು ಇವುಗಳಿಂದ ಆಗದು.

ಬೋರಿಕ್ ಪುಡಿ: ಬೋರಾನ್ ಇರುವ ಲವಣಗಳು ನಿಜಕ್ಕೂ ಗೆದ್ದಲಿಗೆ ವಿಷ. ಮರ ಸಂಸ್ಕರಿಸಲು ಅವನ್ನು ಬಳಸುತ್ತಾರೆ. ಆದರೆ ಪಾಲಿಶ್ ಮಾಡದ ಮರ ಅದನ್ನು ಹೀರಿಕೊಂಡರೆ ಮಾತ್ರ ಉಪಯೋಗ. ನೀರು ತಾಗಿದರೆ ತೊಳೆದುಹೋಗುತ್ತದೆ. ಮಕ್ಕಳ ಬಾಯಿಗೆ ಹೋದರೆ ಅವರಿಗೂ ವಿಷವೇ.

ಬಿಸಿಲಿಗೆ ಇಡುವುದು: ಪುಸ್ತಕ, ತೆಳು ಹಲಗೆಗೆ ಒಳ್ಳೆಯದು. ದಪ್ಪ ಮರದೊಳಗಿನ ಹುಳು ಸಾಯಬೇಕಾದರೆ ಮರದ ಒಳತಿರುಳೇ ಸುಮಾರು 50 ಡಿಗ್ರಿ ಬಿಸಿಯಾಗಿ ಅರ್ಧ ಗಂಟೆಯಾದರೂ ಹಾಗೇ ಇರಬೇಕು. ಅಂಗಳದ ಬಿಸಿಲಿನಲ್ಲಿ ಅದು ಕಷ್ಟ.

ಗುಳಿಗೆ ಇಡುವುದು: ಇದು ಎಲ್ಲಕ್ಕಿಂತ ಅಪಾಯಕಾರಿ ಸಲಹೆ. ಕಾಳು ದಾಸ್ತಾನಿಗೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವ ತಾಗಿದೊಡನೆ ಫಾಸ್ಫೀನ್ ಅನಿಲ ಬಿಡುತ್ತದೆ. ಮನುಷ್ಯರ ಪ್ರಾಣ ತೆಗೆಯುವ ಈ ಅನಿಲಕ್ಕೆ ಪ್ರತಿವಿಷ ಇಲ್ಲ. ಪಕ್ಕದ ಕೋಣೆಯಲ್ಲಿ ಮಲಗಿದವರೂ ಸುರಕ್ಷಿತರಲ್ಲ. ಮನೆಯಲ್ಲಿ ನಾವೇ ಬಳಸುವ ವಸ್ತು ಇದಲ್ಲ. ಕಾನೂನು ಕೂಡ ಇದನ್ನು ತರಬೇತಿ ಪಡೆದವರ ಉಸ್ತುವಾರಿಗೆ ಮಾತ್ರ ಬಿಟ್ಟಿದೆ.

ತೇಗಕ್ಕೆ ಗೆದ್ದಲು ಹತ್ತುವುದಿಲ್ಲ: ಅರ್ಧ ನಿಜ. ತೇಗದ ಕೆಚ್ಚು ಚೆನ್ನಾಗಿ ತಡೆಯುತ್ತದೆ, ಹೊರಗಿನ ಬಿಳಿ ಭಾಗ ತಡೆಯುವುದಿಲ್ಲ. ಕಾಂಕ್ರೀಟ್ ಮನೆಗೆ ಬರುವುದಿಲ್ಲ ಎಂಬುದಂತೂ ಸುಳ್ಳು. ಒಂದು ಮಿಲಿಮೀಟರಿಗಿಂತ ಕಿರಿದಾದ ಬಿರುಕಿದ್ದರೂ ಕೆಲಸಗಾರ ಹುಳು ನುಸುಳುತ್ತದೆ. ಪೈಪು, ವೈರಿನ ದಾರಿ ಹಿಡಿದು ಮೇಲಿನ ಮಹಡಿಗೂ ಹತ್ತುತ್ತದೆ.

ಹಾಗಾದರೆ ನಿಜವಾದ ವಿಧಾನಗಳು ಯಾವುವು?

ಮಣ್ಣಿಗೆ ಮದ್ದು: ಮಣ್ಣಿನ ಗೆದ್ದಲಿಗೆ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಧಾನ ಇದೇ. ಮನೆ ಕಟ್ಟುವಾಗಲೇ ತಳಪಾಯದ ಮಣ್ಣಿಗೆ ಹಾಕಿಸುವುದು ಅತ್ಯುತ್ತಮ. ಕಟ್ಟಿದ ಮನೆಯಾದರೆ ಗೋಡೆ ಮತ್ತು ನೆಲ ಸೇರುವ ಕಡೆ ತೂತು ಕೊರೆದು ಕೆಳಗಿನ ಮಣ್ಣಿಗೆ ಮದ್ದು ಇಳಿಸುತ್ತಾರೆ. ಇದಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 6313 ಎಂಬ ಮಾನದಂಡವಿದೆ. ಅದರ ಪ್ರಕಾರ ತೂತು ಸುಮಾರು 12 ಮಿಲಿಮೀಟರ್ ಅಗಲ, ತೂತಿನಿಂದ ತೂತಿಗೆ 30 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಅಡಿ. ಪ್ರತಿ ತೂತಿಗೆ ಒಂದು ಲೀಟರಿನವರೆಗೆ ದ್ರಾವಣ.

ಈಗ ಲೆಕ್ಕ ಹಾಕಿ. 10 ಅಡಿಗೆ 12 ಅಡಿಯ ಒಂದು ಕೋಣೆಯ ಸುತ್ತಳತೆ 44 ಅಡಿ. ಬಾಗಿಲು ಬಿಟ್ಟರೂ ಸುಮಾರು 40 ತೂತು, ಸುಮಾರು 40 ಲೀಟರ್ ದ್ರಾವಣ. ಒಬ್ಬರು ಐದು ಲೀಟರಿನ ಸ್ಪ್ರೇಯರ್ ಹೆಗಲಿಗೇರಿಸಿ ಬಂದು, ಅರ್ಧ ಗಂಟೆಯಲ್ಲಿ ಇಡೀ ಮನೆ ಮುಗಿಸಿ ಹೋದರೆ ಅದು ಮಣ್ಣಿನ ಚಿಕಿತ್ಸೆಯಲ್ಲ. ಅದು ಜಿರಳೆಗೆ ಹೊಡೆಯುವಂಥ ಸಿಂಪಡಣೆ.

ಮದ್ದಿನಲ್ಲೂ ಎರಡು ಬಗೆ. ಬೈಫೆಂಥ್ರಿನ್‌ನಂಥದ್ದು ಗೆದ್ದಲನ್ನು ದೂರ ಓಡಿಸುತ್ತದೆ. ಬೇಲಿಯಲ್ಲಿ ಎಲ್ಲಾದರೂ ಸಂದು ಉಳಿದರೆ ಅಲ್ಲಿಂದ ಒಳಬರುತ್ತದೆ. ಇಮಿಡಾಕ್ಲೋಪ್ರಿಡ್, ಫಿಪ್ರೊನಿಲ್‌ನಂಥದ್ದು ಹುಳುವಿಗೆ ಗೊತ್ತೇ ಆಗುವುದಿಲ್ಲ. ಮದ್ದಿನ ಮಣ್ಣಿನಲ್ಲಿ ಓಡಾಡಿ, ಒಂದರ ಮೈ ಒಂದು ನೆಕ್ಕುವಾಗ ಉಳಿದವಕ್ಕೂ ದಾಟಿಸುತ್ತದೆ. ಕಟ್ಟಿದ ಮನೆಯಲ್ಲಿ ಸಂದಿಲ್ಲದ ಬೇಲಿ ಹಾಕುವುದು ಕಷ್ಟವಾದ್ದರಿಂದ ಎರಡನೆಯ ಬಗೆ ಹೆಚ್ಚು ಉಪಯುಕ್ತ.

ಆಮಿಷ: ಗೆದ್ದಲು ತಿನ್ನುವ ವಸ್ತುವಿನಲ್ಲಿ, ಪೊರೆ ಕಳಚಿ ಬೆಳೆಯುವುದನ್ನು ತಡೆಯುವ ಮದ್ದು ಬೆರೆಸಿ ಇಡುತ್ತಾರೆ. ಹುಳುಗಳೇ ಅದನ್ನು ಗೂಡಿಗೆ ಒಯ್ಯುತ್ತವೆ. ನೆಲ ಕೊರೆಯಬೇಕಿಲ್ಲ, ಮಣ್ಣಿಗೆ ವಿಷ ಸುರಿಯಬೇಕಿಲ್ಲ. ಆದರೆ ತಿಂಗಳುಗಟ್ಟಲೆ ತಾಳ್ಮೆ ಬೇಕು, ಖರ್ಚೂ ಹೆಚ್ಚು. ಇನ್ನೊಂದು ಮಿತಿಯೂ ಇದೆ. ನಮ್ಮಲ್ಲಿ ಹುತ್ತ ಕಟ್ಟುವ ಗೆದ್ದಲುಗಳು ಗೂಡಿನಲ್ಲಿ ಅಣಬೆ ಬೆಳೆದು ತಿನ್ನುವ ಜಾತಿಯವು. ಇಂಥ ಜಾತಿಗಳ ಮೇಲೆ ಆಮಿಷ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ.

ಮರಕ್ಕೇ ಚಿಕಿತ್ಸೆ: ಒಣಮರದ ಗೆದ್ದಲು ಮತ್ತು ಕುಟ್ಟೆ ಹುಳುವಿಗೆ ಇದೇ ದಾರಿ. ಮರದ ತೂತುಗಳೊಳಗೆ ಸಿರಿಂಜಿನಿಂದ ಮದ್ದು ಇಳಿಸುತ್ತಾರೆ. ತೀರಾ ಹಾಳಾದ ಒಂದು ಸ್ಟೂಲಿಗೆ ಮದ್ದು ಹಾಕಿಸುವುದಕ್ಕಿಂತ ಅದನ್ನು ಮನೆಯಿಂದಾಚೆ ಹಾಕುವುದು ಲೇಸು.

ಬಾವಿ, ಸಂಪು, ಮಕ್ಕಳು

ಒಂದು ಕಾಲದಲ್ಲಿ ಗೆದ್ದಲಿಗೆ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್ ಸುರಿಯುತ್ತಿದ್ದರು. ಅವು ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತಿದ್ದವು. ಅದೇ ಕಾರಣಕ್ಕೆ ನೀರು, ಆಹಾರ, ನಮ್ಮ ಮೈ ಸೇರುತ್ತಿದ್ದವು. ಭಾರತ ಅವನ್ನು 1996ರಲ್ಲಿ ನಿಷೇಧಿಸಿತು. ನಂತರ ಬಹಳ ಬಳಕೆಗೆ ಬಂದ ಕ್ಲೋರ್‌ಪೈರಿಫಾಸ್ ಕೂಡ ನರಮಂಡಲಕ್ಕೆ ಹಾನಿ ಮಾಡುವಂಥದ್ದು. ಅಮೆರಿಕದಲ್ಲಿ ಇದರ ಮನೆಬಳಕೆಯನ್ನು 2000ದಿಂದಲೇ ಕೈಬಿಡುತ್ತ ಬಂದರು. 2025ರಲ್ಲಿ ಇದು, ಕೆಲವು ವಿನಾಯಿತಿಗಳೊಂದಿಗೆ, ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಸೇರಿತು.

ಇಲ್ಲಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಇಂದಿನ ಮದ್ದುಗಳು ಕೆಲವು ವರ್ಷಗಳಲ್ಲಿ ಕರಗಿಹೋಗುವಂಥವು, ಹಾಗೇ ಇರಬೇಕು. ಆದ್ದರಿಂದ ಜೀವನಪರ್ಯಂತ ಗ್ಯಾರಂಟಿ ಎಂಬುದು ಮದ್ದಿನ ಗುಣವಲ್ಲ. ಹತ್ತು ವರ್ಷದ ಗ್ಯಾರಂಟಿ ಎಂದರೆ ಗೆದ್ದಲು ಬಂದರೆ ಮತ್ತೆ ಬಂದು ಹಾಕುತ್ತೇವೆ ಎಂಬ ಮಾತು. ಆ ಮಾತು ಕಾಗದದ ಮೇಲಿದ್ದರೆ ಮಾತ್ರ ಬೆಲೆ.

ಎರಡನೆಯದು, ಮನೆಯ ಪಕ್ಕ ತೆರೆದ ಬಾವಿಯಿದ್ದರೆ, ನೆಲದಡಿ ಸಂಪಿದ್ದರೆ ಮೊದಲೇ ಹೇಳಿ. ಅಂಥ ಕಡೆ ಮಣ್ಣಿಗೆ ಮದ್ದು ಸುರಿಸಬೇಡಿ. ಆ ಭಾಗಕ್ಕೆ ಆಮಿಷ ಇಲ್ಲವೇ ಮರದ ಚಿಕಿತ್ಸೆ ಆಗುತ್ತದೆಯೇ ಕೇಳಿ. ಬೈಫೆಂಥ್ರಿನ್, ಕ್ಲೋರ್‌ಪೈರಿಫಾಸ್ ಮೀನಿಗೆ ಕಡು ವಿಷ. ಅಕ್ವೇರಿಯಂ ಇದ್ದರೆ ಬೇರೆಡೆಗೆ ಸಾಗಿಸಿ. ಮಕ್ಕಳು, ಗರ್ಭಿಣಿಯರು, ಉಬ್ಬಸ ಇರುವವರು ಆ ದಿನ ಬೇರೆ ಕಡೆ ಇರಲಿ. ಮೈಗೆ ಅಥವಾ ಬಾಯಿಗೆ ಮದ್ದು ತಾಗಿ ತೊಂದರೆಯಾದರೆ ಮದ್ದಿನ ಡಬ್ಬಿಯ ಲೇಬಲ್ ಜೊತೆಗೇ ಆಸ್ಪತ್ರೆಗೆ ಹೋಗಿ, 108ಕ್ಕೆ ಕರೆ ಮಾಡಿ.

ಕೆಲಸ ಒಪ್ಪಿಸುವ ಮುನ್ನ ಕೇಳಿ

- ಇದು ಯಾವ ಬಗೆಯ ಹುಳು? ಎಲ್ಲಿಂದ ಬರುತ್ತಿದೆ? ಮನೆ ನೋಡದೆ ಫೋನಿನಲ್ಲೇ ದರ ಹೇಳಿದರೆ ಅನುಮಾನಿಸಿ.
- ಮದ್ದಿನ ಹೆಸರೇನು? ಸೀಲ್ ಒಡೆಯದ ಡಬ್ಬಿ ತೋರಿಸಿ, ನಮ್ಮ ಮುಂದೆಯೇ ಲೇಬಲ್ ಪ್ರಕಾರ ಬೆರೆಸುವಿರಾ? ಲೇಬಲ್ಲಿನ ಬಣ್ಣದ ಚೌಕವನ್ನೂ ನೋಡಿ. ಕೆಂಪು ಅತಿ ವಿಷಕಾರಿ, ಆಮೇಲೆ ಹಳದಿ, ನೀಲಿ, ಹಸಿರು.
- ಕೀಟನಾಶಕ ಬಳಸುವ ಪರವಾನಗಿ ಇದೆಯೇ? ಪೆಸ್ಟ್ ಕಂಟ್ರೋಲ್ ಸಂಸ್ಥೆಗಳಿಗೆ ಇದು ಕಡ್ಡಾಯ.
- ಎಷ್ಟು ತೂತು, ಎಷ್ಟು ಲೀಟರ್? ನೆಲದೊಳಗಿನ ಪೈಪು, ವೈರು ಎಲ್ಲಿವೆ ಎಂದು ನೋಡಿದ್ದೀರಾ?
- ಮರುಭೇಟಿ ಯಾವಾಗ? ಬಿಲ್ಲಿನಲ್ಲಿ ಬರೆದುಕೊಡುವಿರಾ?

ಮದ್ದಿಲ್ಲದೆ ಆಗುವ ಅರ್ಧ ಕೆಲಸ

ಯಾವ ವಿಧಾನ ಆರಿಸಿದರೂ ತೇವ ಉಳಿದರೆ ಗೆದ್ದಲು ಮರಳುತ್ತದೆ. ಸೋರುವ ನಲ್ಲಿ, ಬಾತ್‌ರೂಮಿನ ಹಿಂದಿನ ಒದ್ದೆ ಗೋಡೆ ಮೊದಲು ಸರಿಪಡಿಸಿ. ಮನೆಗೆ ತಾಗಿಸಿ ಕಟ್ಟಿಗೆ, ರಟ್ಟಿನ ಡಬ್ಬಿ, ಹಳೆ ಪೇಪರ್ ರಾಶಿ ಹಾಕಬೇಡಿ. ವಾರ್ಡ್‌ರೋಬನ್ನು ಗೋಡೆಯಿಂದ ಸ್ವಲ್ಪ ಈಚೆಗೆ ಇಡಿ. ಪೈಪು ಒಳಬರುವ ಜಾಗದ ಸಂದು ಮುಚ್ಚಿಸಿ. ವರ್ಷಕ್ಕೆರಡು ಸಲ, ಅದರಲ್ಲೂ ಮಳೆಗಾಲದ ಮುಂಚೆ, ಟಾರ್ಚ್ ಹಿಡಿದು ಮೂಲೆಗಳನ್ನು ನೋಡಿ.

ಹಿತ್ತಲಾಚೆ ಹುತ್ತವಿದ್ದ ಮಾತ್ರಕ್ಕೆ ಹೆದರಬೇಕಿಲ್ಲ. ಅದನ್ನು ಅಗೆದರೆ ಮನೆಯ ಗೆದ್ದಲು ಹೋಗುತ್ತದೆ ಎಂಬ ಖಾತ್ರಿಯೂ ಇಲ್ಲ. ಹುತ್ತವಿಲ್ಲದೆ ನೆಲದಡಿಯೇ ಗೂಡು ಮಾಡುವ ಜಾತಿಗಳೂ ಇವೆ.

ಇನ್ನೊಂದು ಸಮಾಧಾನದ ಮಾತು: ಗೆದ್ದಲು ಒಂದು ರಾತ್ರಿಯಲ್ಲಿ ಮನೆ ಕೆಡವುವುದಿಲ್ಲ. ಮಣ್ಣಿನ ಗೆರೆ ಕಂಡ ದಿನವೇ ಗಾಬರಿಯಿಂದ ಸಿಕ್ಕಿದ್ದನ್ನು ಸುರಿಯುವ ಬದಲು ಒಂದು ಇಂಚು ಒಡೆದು ನೋಡಿ, ಫೋಟೊ ತೆಗೆದಿಡಿ, ಇಬ್ಬರು ಮೂವರನ್ನು ಕರೆಸಿ ಕೇಳಿ. ಆ ಒಂದು ವಾರ ಕಾದರೆ ದುಡ್ಡೂ ಉಳಿಯುತ್ತದೆ, ಬಾವಿಯ ನೀರೂ ಉಳಿಯುತ್ತದೆ.