ಸಭಾಕಂಪವೂ ಗುಳಿಗೆಯೂ

ಸಭೆಯ ಮುಂದೆ ನಿಂತಾಗ ಮೈ ನಡುಗುವುದಕ್ಕೆ ಕನ್ನಡದಲ್ಲಿ ‘ಸಭಾಕಂಪ’ ಎಂಬ ಸೊಗಸಾದ ಮಾತೊಂದಿದೆ. ಸೊಗಸು ಪದದಲ್ಲಿದೆಯೇ ಹೊರತು ಅದನ್ನು ಅನುಭವಿಸುವವನ ಪಾಡಿನಲ್ಲಿಲ್ಲ. ಪದಕ್ಕೆ ಇನ್ನೊಂದು ಕೊರತೆಯೂ ಉಂಟು: ಅದಕ್ಕೊಂದು ಸಭೆ ಬೇಕು. ವೇದಿಕೆಯಿಂದ ಇಳಿದೊಡನೆ ಕಂಪವೂ ಇಳಿಯಿತೆಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ. ತರಗತಿಯಲ್ಲಿ ಹಾಜರಿ ಕೂಗಿದಾಗ ಓಗೊಡಲು ಗಂಟಲು ಕಟ್ಟುವ, ಬಸ್ಸು ನಿಲ್ಲಿಸಿರೆಂದು ಕೇಳಲಾರದೆ ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ನಡೆದು ಬರುವ, ಮದುವೆಮನೆಯ ಪಂಕ್ತಿಯಲ್ಲಿ ನಾಲ್ವರ ಕಣ್ಣೆದುರು ತುತ್ತು ಎತ್ತಲಾರದ ಹುಡುಗನಿಗೆ ನಮ್ಮ ನಿಘಂಟು ಏನೆನ್ನುತ್ತದೆ? ನಾಚಿಕೆ, ಸಂಕೋಚ, ಲಜ್ಜೆ, ಅಳುಕು. ಬಹುಮಟ್ಟಿಗೆ ಇವೆಲ್ಲ ಸದ್ಗುಣಗಳ ಹೆಸರುಗಳು. ಲಜ್ಜೆಯನ್ನು ಆಭರಣವೆಂದು ಹೊಗಳಿದ ಪರಂಪರೆ ನಮ್ಮದು. ಆಭರಣವೇ ಕೊರಳನ್ನು ಬಿಗಿಯುತ್ತಿದೆಯೆಂದರೆ ಯಾರು ನಂಬಿಯಾರು?

ವೈದ್ಯಶಾಸ್ತ್ರವೂ ಇದನ್ನು ಬೇಗನೆ ನಂಬಿತೆಂದು ಹೇಳುವಂತಿಲ್ಲ. ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗನಿರ್ಣಯ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟದ್ದು 1980ರಲ್ಲಿ. ಇದು ಸಾಮಾನ್ಯವಾಗಿ ತಲೆದೋರುವುದು ಹದಿಹರೆಯದಲ್ಲಿ. ಎಂದರೆ ಹುಡುಗನೋ ಹುಡುಗಿಯೋ ಊರಿನ ಶಾಲೆಯನ್ನು ಬಿಟ್ಟು ಕಾಲೇಜಿನ ಮೆಟ್ಟಿಲು ಹತ್ತುವ ಆಸುಪಾಸಿನ ವಯಸ್ಸಿನಲ್ಲಿ.

ಹೊನ್ನಾವರಕ್ಕೂ ಕುಮಟೆಗೂ ನಡುವೆ ಹೆದ್ದಾರಿಯ ಮೇಲಿರುವ ಹಳದೀಪುರದಂಥ ಊರಿನಲ್ಲಿ ಈ ಹುಡುಗನ ಕಷ್ಟ ಇಮ್ಮಡಿಯಾಗುತ್ತದೆ. ಇದು ಮಾತಿನ ಸೀಮೆ. ಇದೇ ತಾಲೂಕಿನ ಕೆರೆಮನೆಯಲ್ಲಿ 1934ರಷ್ಟು ಹಿಂದೆ ಶಿವರಾಮ ಹೆಗಡೆಯವರು ಯಕ್ಷಗಾನ ಮಂಡಳಿ ಕಟ್ಟಿದರು. ಹಗಲೆಲ್ಲ ಅಡಿಕೆ ಸುಲಿದವನು ರಾತ್ರಿ ತಾಳಮದ್ದಳೆಯಲ್ಲಿ ಕೃಷ್ಣನಾಗಿ ಕೌರವನನ್ನು ಮಾತಿನಲ್ಲೇ ಕಟ್ಟಿಹಾಕುವ ನಾಡಿದು. ಇಲ್ಲಿ ನಾಲಗೆ ಏಳದವನನ್ನು ರೋಗಿಯೆಂದು ಯಾರೂ ಎಣಿಸುವುದಿಲ್ಲ. “ಪಾಪದ ಹುಡುಗ” ಎಂದುಬಿಟ್ಟರೆ ವಿಚಾರಣೆ ಮುಗಿಯಿತು. ಚಿಕಿತ್ಸೆಯ ಮಾತೆತ್ತಿದರೋ, ಇನ್ನೊಂದು ತುದಿ: “ಅವನನ್ನೇನು ಧಾರವಾಡಕ್ಕೆ ಕಳಿಸಬೇಕೆ?” ಧಾರವಾಡದ ಮಾನಸಿಕ ಆಸ್ಪತ್ರೆ ಇಂದು ವೈದ್ಯರನ್ನು ತಯಾರುಮಾಡುವ ಸಂಸ್ಥೆಯಾಗಿದ್ದರೂ ನಮ್ಮ ಬೈಗುಳ ಹಳೆಯ ಕಾಲದಲ್ಲಿಯೇ ನಿಂತಿದೆ.

ಪಾಪದವನೆಂಬ ಕನಿಕರಕ್ಕೂ ಹುಚ್ಚನೆಂಬ ಹೆದರಿಕೆಗೂ ನಡುವೆ ಸಿಕ್ಕಿಕೊಂಡ ಹುಡುಗ ಮಾಡುವುದೇನು? ಮನೆಯ ಔಷಧಿಯ ಡಬ್ಬಿಯನ್ನು ತೆರೆಯುತ್ತಾನೆ. ಅಜ್ಜಿಗೆ ನಿದ್ರೆ ಬಾರದೆಂದು ವೈದ್ಯರು ಎಂದೋ ಬರೆದುಕೊಟ್ಟ ಗುಳಿಗೆಗಳು ಅಲ್ಲಿವೆ. ಪ್ರಾಯೋಗಿಕ ಪರೀಕ್ಷೆಯ ಬೆಳಿಗ್ಗೆ ಅರ್ಧ ಗುಳಿಗೆ ನುಂಗಿ ಬಂದ ವಿದ್ಯಾರ್ಥಿಯೊಬ್ಬನನ್ನು ನಾನು ಬಲ್ಲೆ. ಭಯ ಹೋಯಿತು, ಅದರೊಂದಿಗೆ ಓದಿದ್ದೂ ಹೋಯಿತು. ಪ್ರಶ್ನೆ ಕೇಳಿದವರತ್ತ ನಿದ್ದೆಗಣ್ಣಿನಿಂದ ನೋಡುತ್ತ ನಿಂತಿದ್ದನಂತೆ. ನನ್ನನ್ನು ಕಳವಳಕ್ಕೀಡುಮಾಡಿದ್ದು ಆ ಅಂಕಗಳಲ್ಲ, ಆತ ಆಮೇಲೆ ಆಡಿದ ಮಾತು: “ಅರ್ಧಕ್ಕೆ ಬದಲು ಕಾಲು ತೆಗೆದುಕೊಳ್ಳಬೇಕಿತ್ತು ಸರ್.” ಹದಿನೇಳರ ಹುಡುಗ ತನಗೆ ತಾನೇ ವೈದ್ಯನಾಗಿಬಿಟ್ಟಿದ್ದ.

ಇಂಥ ಪ್ರಸಂಗವನ್ನು ಕೇಳಿದೊಡನೆ “ಗುಳಿಗೆಯೇ ವಿಷ” ಎಂದು ತೀರ್ಪು ಕೊಡುವವರಿದ್ದಾರೆ. ಅವರ ಪಕ್ಷ ನನ್ನದಲ್ಲ. ಸಕ್ಕರೆಕಾಯಿಲೆಗೆ ಔಷಧಿ ಉಂಟು, ಅಪಸ್ಮಾರಕ್ಕೆ ಔಷಧಿ ಉಂಟು, ಅಂಜಿಕೆಯ ಬೇನೆಗೆ ಮಾತ್ರ ಧೈರ್ಯವೇ ಮದ್ದೆನ್ನುವುದು ನ್ಯಾಯವಲ್ಲ. ಅಪಾಯ ಔಷಧಿಗಿಂತ ಹೆಚ್ಚಾಗಿ ಗುಟ್ಟಿನಲ್ಲಿದೆ. ವೈದ್ಯರು, ತಂದೆತಾಯಿಗಳು, ಸಾಧ್ಯವಾದರೆ ಒಬ್ಬ ಅಧ್ಯಾಪಕರು, ಇಷ್ಟು ಜನಕ್ಕೆ ತಿಳಿದು ನಡೆಯುವ ಚಿಕಿತ್ಸೆಯೇ ಬೇರೆ. ಜೇಬಿನಲ್ಲಿ ಕಾಗದ ಸುತ್ತಿಟ್ಟುಕೊಂಡ ಗುಳಿಗೆಯ ಕಥೆಯೇ ಬೇರೆ.

ಅಜ್ಜಿಯ ಡಬ್ಬಿಯಲ್ಲಿದ್ದದ್ದು ಆಲ್ಪ್ರಜೋಲಾಮ್. ಈ ವಂಶದ ಮೊದಲ ಔಷಧಿ ಪೇಟೆಗೆ ಬಂದದ್ದು 1960ರಲ್ಲಿ. ಅದನ್ನು ಕಂಡುಹಿಡಿದ ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನಶಾಸ್ತ್ರಜ್ಞನದೇ ಕೃತಿಯಾದ ಡಯಾಜೆಪಾಮ್ ವೇಲಿಯಂ ಎಂಬ ಹೆಸರಿನಿಂದ 1963ರಲ್ಲಿ ಬಂದು ಜಗದ್ವಿಖ್ಯಾತವಾಯಿತು. ಇವು ಬೇಗನೆ ಶಮನ ಕೊಡುತ್ತವೆ. ಆ ಬೇಗವೇ ಬಲೆ. ದಿನವೂ ತೆಗೆದುಕೊಂಡರೆ ಕೆಲವೇ ವಾರಗಳಲ್ಲಿ ಮೈ ಅದಕ್ಕೆ ಒಗ್ಗಿ ಇನ್ನಷ್ಟನ್ನು ಬೇಡಬಹುದು. ರೂಢಿಯಾದ ಮೇಲೆ ಥಟ್ಟನೆ ಬಿಟ್ಟರೆ ಹಳೆಯ ಭಯ ಹೆಚ್ಚಾಗಿ ಮರಳುವುದಲ್ಲದೆ ಅಪಸ್ಮಾರದಂಥ ಸೆಳವೂ ಬರಬಹುದು. ಹೊಸದಾಗಿ ಕಲಿತದ್ದು ನೆನಪಿನಲ್ಲಿ ನಿಲ್ಲುವುದಕ್ಕೆ ಅಡ್ಡಿ. ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ನಷ್ಟವೇನು? ಮದ್ಯದೊಡನೆಯೋ ಕೊಡೀನ್ ಇರುವ ಕೆಮ್ಮಿನ ಔಷಧಿಯೊಡನೆಯೋ ಸೇರಿದರೆ ಉಸಿರೇ ನಿಂತೀತು. ಹದಿಹರೆಯದವರ ಸಭಾಭೀತಿಗೆ ವೈದ್ಯರು ಇದನ್ನು ಮೊದಲ ಔಷಧಿಯಾಗಿ ಬರೆಯದಿರುವುದು ಇದಕ್ಕಾಗಿಯೇ.

2014ರ ಮಾರ್ಚಿನಿಂದ ಆಲ್ಪ್ರಜೋಲಾಮ್, ಡಯಾಜೆಪಾಮ್‌ಗಳು ನಮ್ಮ ದೇಶದಲ್ಲಿ ಹೆಚ್-1 ಅನುಸೂಚಿಗೆ ಸೇರಿವೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಬರೆದವರ, ಕೊಂಡವರ ಹೆಸರನ್ನು ಅಂಗಡಿಯವರು ದಾಖಲುಮಾಡಿ ಮೂರು ವರ್ಷ ಕಾಯ್ದಿಡಬೇಕು. ಚೀಟಿ ಕೇಳಿದ ಔಷಧಿ ಅಂಗಡಿಯವನ ಮೇಲೆ ನಮ್ಮವರು ಮುನಿಸಿಕೊಳ್ಳುವುದನ್ನು ಕಂಡಿದ್ದೇನೆ; ಪರಿಚಯದ ಮೇಲೆ ಹಾಗೆಯೇ ಕೊಟ್ಟವನನ್ನು ಉಪಕಾರಿಯೆಂದು ಹೊಗಳುವುದನ್ನೂ ಕಂಡಿದ್ದೇನೆ. ಹೊಗಳಿಕೆ ಅದಲುಬದಲಾಗಬೇಕಿತ್ತು.

ಔಷಧಿ ಬೇಕೇಬೇಕೆಂದು ಕಂಡಾಗ ಮನೋವೈದ್ಯರು ಸಾಮಾನ್ಯವಾಗಿ ಆರಿಸುವುದು ಸರ್ಟ್ರಲೀನ್, ಫ್ಲೂಆಕ್ಸೆಟಿನ್, ಎಸಿಟಲೋಪ್ರಾಮ್ ಗುಂಪನ್ನು. ಇವು ಖಿನ್ನತೆಯ ಔಷಧಿಗಳೆಂದು ಹೆಸರಾದವು. ಹೆಸರು ನೋಡಿಯೇ ಮನೆಯವರು ಕಂಗೆಡುವುದುಂಟು. ಕಂಗೆಡಬೇಕಾಗಿಲ್ಲ, ಆದರೆ ಕಣ್ಣಿಡಬೇಕು. ಗುಣ ಕಾಣಲು ವಾರಗಳು ಬೇಕು, ಹೊಟ್ಟೆ ತೊಳಸುವುದು, ನಿದ್ರೆ ಕೆಡುವುದು ಮಾತ್ರ ಮೊದಲ ದಿನಗಳಲ್ಲೇ ಬರಬಹುದು. ಈ ವ್ಯತ್ಯಾಸ ತಿಳಿಯದವರು ಎರಡನೆಯ ವಾರಕ್ಕೇ ಬಿಟ್ಟುಬಿಡುತ್ತಾರೆ. ಇನ್ನೂ ಗಂಭೀರವಾದುದೊಂದಿದೆ: ಎಳೆಯರಲ್ಲಿ ಕೆಲವರಿಗೆ ಆರಂಭದಲ್ಲಿಯೂ ಪ್ರಮಾಣ ಬದಲಿಸಿದಾಗಲೂ ಆತ್ಮಹತ್ಯೆಯ ಆಲೋಚನೆ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಎಚ್ಚರಿಸಿ, 2007ರಲ್ಲಿ ಆ ಎಚ್ಚರಿಕೆಯನ್ನು 24 ವಯಸ್ಸಿನವರೆಗೂ ವಿಸ್ತರಿಸಿತು. ಹುಡುಗ ಎಂದಿಲ್ಲದಂತೆ ಚಡಪಡಿಸಿದರೆ, ಸಿಡುಕಿದರೆ, ಬದುಕು ಬೇಡವೆಂಬ ಮಾತಾಡಿದರೆ ಮುಂದಿನ ತಾರೀಖಿಗೆ ಕಾಯದೆ ಅಂದೇ ವೈದ್ಯರಿಗೆ ತಿಳಿಸಬೇಕು. ಮನೆಯವರಿಗೆ ಗೊತ್ತಿಲ್ಲದ ಗುಳಿಗೆಯಾದರೆ ಈ ಕಾವಲು ಕಾಯುವವರಾರು? ಗುಣವಾಯಿತೆಂದು ತಾನಾಗಿ ನಿಲ್ಲಿಸುವುದೂ ಕೂಡದು. ಇಳಿಸುವುದು ಮೆಲ್ಲಮೆಲ್ಲನೆ, ವೈದ್ಯರು ಹೇಳಿದ ಲೆಕ್ಕದಲ್ಲಿ. ವೇದಿಕೆ ಹತ್ತುವವರಲ್ಲಿ ಬಾಯಿಂದ ಬಾಯಿಗೆ ಹರಡಿರುವ ಪ್ರೊಪ್ರನೊಲಾಲ್ ಎಂಬುದೊಂದಿದೆ. ಅದು ಕೈನಡುಕವನ್ನೂ ಎದೆಬಡಿತವನ್ನೂ ತಗ್ಗಿಸೀತು. ಉಬ್ಬಸವಿರುವವನು ಸ್ನೇಹಿತನ ಮಾತು ಕೇಳಿ ಅದನ್ನು ನುಂಗಿದರೆ ಪ್ರಾಣಕ್ಕೇ ಸಂಚಕಾರ.

ಆದರೆ ಯಾವ ಗುಳಿಗೆಯೂ ಮಾತು ಕಲಿಸುವುದಿಲ್ಲ. ಭಯಪಡುವ ಸಂದರ್ಭವನ್ನು ಸಣ್ಣದರಿಂದ ಮೊದಲಿಟ್ಟು ಮೆಟ್ಟಿಲುಮೆಟ್ಟಿಲಾಗಿ ಎದುರಿಸುವ ಅಭ್ಯಾಸಕ್ಕೆ ಮನೋಚಿಕಿತ್ಸೆಯಲ್ಲಿ ಅಗ್ರಸ್ಥಾನವಿದೆ; ಎಷ್ಟೋ ಮಂದಿಗೆ ಅಷ್ಟೇ ಸಾಕಾಗುತ್ತದೆ. ಇದು ಪರದೇಶದ ವಿದ್ಯೆಯೆಂದು ನಾವು ಬೆರಗಾಗಬೇಕಾಗಿಲ್ಲ. ನಮ್ಮ ಬಡಗುತಿಟ್ಟಿನ ಮೇಳಗಳಲ್ಲಿ ಹೊಸಬ ಹುಡುಗನಿಗೆ ಮೊದಲ ದಿನವೇ ಅರ್ಜುನನ ಪಾತ್ರ ಕೊಡುತ್ತಿರಲಿಲ್ಲ. ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿದು ಬರಬೇಕು. ಅರ್ಥ ಹೇಳುವ ಹೊಣೆಯಿಲ್ಲ, ಪ್ರಸಂಗವಿನ್ನೂ ಆರಂಭವಾಗಿಲ್ಲ, ತಪ್ಪಿದರೆ ಕೇಳುವವರೂ ಇಲ್ಲ. ಆಮೇಲೆ ಬಾಲಗೋಪಾಲ, ಆಮೇಲೆ ಸ್ತ್ರೀವೇಷ. ಮಾತಿಗೆ ಬರುವ ಹೊತ್ತಿಗೆ ರಂಗಸ್ಥಳ ಅವನಿಗೆ ಮನೆಯಂಗಳವಾಗಿರುತ್ತಿತ್ತು. ನಮ್ಮ ಕಾಲೇಜುಗಳಲ್ಲಿ ಕೋಡಂಗಿಯ ಹಂತವೇ ಇಲ್ಲ. ಎರಡು ವರ್ಷ ಬಾಯಿ ಬಿಡದವನನ್ನು ಒಂದು ದಿನ ಎಬ್ಬಿಸಿ, ನೂರು ಜನರೆದುರು ಸೆಮಿನಾರು ಮಾಡೆನ್ನುತ್ತೇವೆ, ತಡವರಿಸಿದರೆ ನಗುತ್ತೇವೆ. ಪದ್ಯವೊಂದನ್ನು ಮೊದಲು ಅಧ್ಯಾಪಕರ ಕೋಣೆಯಲ್ಲಿ, ಅನಂತರ ಮೂವರು ಗೆಳೆಯರೆದುರು, ತಿಂಗಳ ಮೇಲೆ ತರಗತಿಯಲ್ಲಿ ಓದಿಸುವುದಕ್ಕೆ ಯಾವ ಸರಕಾರಿ ಆಜ್ಞೆಯೂ ಬೇಕಾಗಿಲ್ಲ.

ಮನೋವೈದ್ಯರು ನಮ್ಮ ಕರಾವಳಿಯ ಸಣ್ಣ ಊರುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ, ನಿಜ. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ ಪ್ರಯೋಗವನ್ನು ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಅದರ ನೆರವು ಎಲ್ಲಿ, ಯಾವ ದಿನ ಸಿಗುವುದೆಂದು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಬೇಕು. 2022ರ ಅಕ್ಟೋಬರಿನಿಂದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆಯೂ ಇದೆ. ಸಂಖ್ಯೆ 14416, ಕನ್ನಡದಲ್ಲಿಯೇ ಮಾತಾಡಬಹುದು. ಅಪರಿಚಿತರೊಡನೆ ಫೋನಿನಲ್ಲಿ ಮಾತಾಡುವುದೇ ಯಾರ ಬೇನೆಯೋ ಅವನಿಗೆ ಫೋನು ಮಾಡೆನ್ನುವುದು ಒಂದು ಬಗೆಯ ಕ್ರೌರ್ಯವೆಂದು ವಾಚಕರು ನಕ್ಕಾರು. ಮೊದಲ ನಾಲ್ಕು ಮಾತನ್ನು ತಾಯಿಯೋ ಅಧ್ಯಾಪಕರೋ ಆಡಿ ಆಮೇಲೆ ಫೋನನ್ನು ಅವನ ಕೈಗೆ ಕೊಡಲಿ. ಹೇಳಬೇಕಾದುದನ್ನು ಚೀಟಿಯಲ್ಲಿ ಬರೆದುಕೊಂಡು ಓದಿದರೂ ನಡೆದೀತು.